ಚಕ್ರದ ಮೇಲಿನ ಮನೆಗಳ ಊರು

ಅಮೆರಿಕದ ಶಿಕಾಗೋ ನಗರದಿಂದ ಪೂರ್ವಕ್ಕೆ ಸುಮಾರು 175 ಕಿಲೋಮೀಟರ್ ಸಾಗಿದರೆ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸಿಗುತ್ತದೆ. ಸೇಂಟ್ ಜೋಸೆಫ್ ನದಿಯನ್ನು ಎಲ್ಕಾರ್ಟ್ ನದಿ ಸೇರುವ ಈ ಊರು ಮೋಟಾರ್‌ಹೋಮ್‌ಗಳ ತವರು. ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲವೂ ಒಳಗೇ ಇರುವ ವಾಹನವೇ ಮೋಟಾರ್‌ಹೋಮ್. ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಟಿ ಮೇ ವೆಸ್ಟ್‌ಗಾಗಿ ಸಿದ್ಧಪಡಿಸಿದ 1931ರ ಷೆವರ್ಲೆ ಮನೆಗಾಡಿಯಿದೆ. ಸ್ವಂತ ಕಾರು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲಿ ಓಡಾಡುವ ಆಮಿಶ್ ಪಂಥದವರು ಈ ಭಾಗದ ಕಾರ್ಖಾನೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ದುಡಿಯುವುದು ಒಂದು ಸೋಜಿಗ.

ವಿಜ್ಞಾನದ ವಿದ್ಯಾರ್ಥಿಗೆ ಇನ್ನೊಂದು ಸೋಜಿಗ ಗಾಡಿಯ ಅಡಿಯಲ್ಲಿದೆ. ನಮ್ಮ ಹೆದ್ದಾರಿಗಳಲ್ಲಿ ಬಾಡಿಯಿಲ್ಲದ ಬಸ್ ಚಾಸಿಗಳು ಸಾಗುವುದನ್ನು ನೀವು ಕಂಡಿರಬಹುದು. ಮೋಟಾರ್‌ಹೋಮ್‌ನ ಕಥೆಯೂ ಹಾಗೆಯೇ. ಫೋರ್ಡ್ ಎಫ್-53ರಂತಹ ಚಾಸಿ ಒಂದೆಡೆ ತಯಾರಾಗುತ್ತದೆ, ಅದರ ಮೇಲಿನ ಮನೆ ಇನ್ನೊಂದೆಡೆ. ಚಾಸಿ ಕಾರ್ಖಾನೆಯಲ್ಲಿ ಚಕ್ರಗಳ ಅಲೈನ್‌ಮೆಂಟ್ ಹೊಂದಿಸುವಾಗ ಮನೆಯ ತೂಕ ಅದರ ಮೇಲಿರುವುದಿಲ್ಲ!

ಆಮೇಲೆ ಗೋಡೆ, ಕಪಾಟು, ಫ್ರಿಜ್, ನೀರಿನ ತೊಟ್ಟಿ ಒಂದೊಂದಾಗಿ ಏರುತ್ತವೆ. 380 ಲೀಟರ್ ನೀರೆಂದರೆ 380 ಕಿಲೋಗ್ರಾಂ. ಹೊರೆ ಹೆಚ್ಚಿದಷ್ಟೂ ಸ್ಪ್ರಿಂಗ್ ಬಾಗುತ್ತದೆ. ಇದು ನೀವು ಓದಿರುವ ಹುಕ್‌ನ ನಿಯಮ. ಸ್ಪ್ರಿಂಗ್ ಬಾಗಿ ಚಾಸಿಯ ಓರೆ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದೆ.

ಸೈಕಲ್ಲಿನ ಮುಂದಿನ ಫೋರ್ಕ್ ಗಮನಿಸಿ. ಅದರ ಮೇಲ್ತುದಿ ಹಿಂದಕ್ಕೆ ವಾಲಿರುತ್ತದೆ. ಈ ಓರೆಯೇ ಕ್ಯಾಸ್ಟರ್. ತಿರುಗಿದ ಚಕ್ರ ನೇರಕ್ಕೆ ಮರಳಲು ಅದು ನೆರವಾಗುತ್ತದೆ. ಗಾಡಿಯ ಮುಂಭಾಗ ಹೆಚ್ಚು ತಗ್ಗಿದರೆ ಕ್ಯಾಸ್ಟರ್ ಕಡಿಮೆಯಾಗಿ, ಗಾಳಿ ಬೀಸಿದಾಗ ಗಾಡಿ ಅತ್ತಿತ್ತ ಅಲೆಯುತ್ತದೆ. ಮುಂದಿನ ಚಕ್ರಗಳೆರಡೂ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಈ ಹೊಂದಾಣಿಕೆಗೆ ಟೋ ಎನ್ನುತ್ತಾರೆ. ಅದು ತಪ್ಪಿದರೆ ಟೈರಿನ ಅಂಚು ಬೇಗ ಸವೆಯುತ್ತದೆ. ಸವೆದ ಟೈರು ಹೆದ್ದಾರಿಯಲ್ಲಿ ಸಿಡಿದರೆ ಅಪಾಯಕ್ಕೆ ಸಿಲುಕುವುದು ಒಳಗೆ ಕುಳಿತ ಇಡೀ ಸಂಸಾರ.

ಆದ್ದರಿಂದ ಹೊಸ ಗಾಡಿಗೂ ಒಂದು ಕ್ರಮವಿದೆ. ಪ್ರವಾಸಕ್ಕೆ ಒಯ್ಯುವಷ್ಟು ನೀರು, ಸಾಮಾನು ತುಂಬಬೇಕು. ಪ್ರತಿ ಚಕ್ರದ ಮೇಲಿನ ತೂಕ ನೋಡಿ, ಅದಕ್ಕೆ ತಕ್ಕಂತೆ ಟೈರುಗಳಿಗೆ ಗಾಳಿ ಹಾಕಿಸಬೇಕು. ಅಲೈನ್‌ಮೆಂಟ್ ಮಾಡಿಸುವುದು ಆ ಬಳಿಕವೇ.

ಪಾಲಕರಿಗೂ ಇದರಲ್ಲಿ ಪಾಠವಿದೆ. ಅನೇಕ ಕಾರುಗಳ ಬಾಗಿಲ ಬಳಿಯ ಚೀಟಿಯಲ್ಲಿ, ಪೂರ್ತಿ ಹೊರೆ ಇದ್ದಾಗ ಟೈರಿಗೆ ಎಷ್ಟು ಗಾಳಿ ಬೇಕೆಂದು ಬೇರೆಯಾಗಿ ನಮೂದಿಸಿರುತ್ತಾರೆ. ಮುಂದಿನ ಪ್ರವಾಸಕ್ಕೆ ಹೊರಡುವ ಮುನ್ನ ಅದನ್ನು ಮಕ್ಕಳಿಂದಲೇ ಓದಿಸಿ.