ಬಿಟ್ಟ ಜ್ವರ ಮರಳಿ ಬಂದಾಗ

ಜ್ವರ ಬಿಟ್ಟಿತೆಂದರೆ ಮನೆಮಂದಿಯೆಲ್ಲ ಅಲ್‌ಹಮ್ದುಲಿಲ್ಲಾಹ್ ಎಂದು ನಿರಾಳರಾಗುತ್ತೇವೆ. ಫ್ಲೂ ಜ್ವರದ ವಿಷಯದಲ್ಲಿ ಮಾತ್ರ ಆ ಬಳಿಕದ ವಾರವನ್ನು ನಾವು ಎಚ್ಚರದಿಂದ ಗಮನಿಸಬೇಕಾಗುತ್ತದೆ.

ಫ್ಲೂ ವೈರಾಣು ಶ್ವಾಸನಾಳದ ಒಳಪದರವನ್ನು ಕೆಡಿಸುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಕೆಲಸ ಮಾಡದಾಗುತ್ತವೆ. ಆಗ ಮೂಗು, ಗಂಟಲಿನಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾಗಳು ಎದೆಗಿಳಿದು ನ್ಯುಮೋನಿಯಾ ಉಂಟುಮಾಡಬಲ್ಲವು. ಬಳ್ಳಾರಿಯು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ 1918ರ ಕಾಲದಲ್ಲಿ ಫ್ಲೂ ಭಾರತದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಬಲಿ ಪಡೆಯಿತು. ಆ ಪಿಡುಗಿನಲ್ಲಿ ಅಮೆರಿಕದ ಸೇನಾ ನೆಲೆಗಳಲ್ಲಿ ಮೃತರಾದವರ ಶ್ವಾಸಕೋಶದ ಸಂರಕ್ಷಿತ ತುಣುಕುಗಳನ್ನು ಸಂಶೋಧಕರು ಪರೀಕ್ಷಿಸಿ, ಬಹುಪಾಲು ಮರಣಗಳಿಗೆ ಹೀಗೆ ಹಿಂದಿನಿಂದ ಬಂದ ನ್ಯುಮೋನಿಯಾವೇ ಕಾರಣವೆಂದು 2008ರಲ್ಲಿ ತಿಳಿಸಿದರು.

ಸಿರುಗುಪ್ಪದಲ್ಲಿ ನಾವು ಪಾಠ ಹೇಳುವ ಮಸೀದಿಯ ಹಿರಿಯ ಮುಅಝ್ಝಿನರು ಐದು ದಿನ ಫ್ಲೂನಿಂದ ಮಲಗಿದ್ದು, ಚೇತರಿಸಿಕೊಂಡು ಬಂದರು. ಮೂರನೆಯ ದಿನ ಮತ್ತೆ ಚಳಿ ಹತ್ತಿತು. ಅಂದಿನ ಮಗ್ರಿಬ್‌ನಲ್ಲಿ, ಸದಾ ಒಂದೇ ಉಸಿರಿಗೆ ಮುಗಿಸುತ್ತಿದ್ದ ಅಝಾನಿನ ವಾಕ್ಯ ಅವರ ಬಾಯಲ್ಲಿ ಎರಡಾಗಿ ತುಂಡಾಯಿತು. ಕಿರಾಅತ್ ಕಲಿಸುವವರ ಕಿವಿಗೆ ಇದು ಬೇಗ ಬೀಳುತ್ತದೆ! “ಬತ್ತದ ಧೂಳು ಹಜ್ರತ್, ಎರಡು ದಿನದಲ್ಲಿ ಹೋಗ್ತದೆ” ಎಂದರು ಅವರ ಮಗ. ಗಡಿಯಾರ ಹಿಡಿದು ಎಣಿಸಿದೆವು: ನಿಮಿಷಕ್ಕೆ 32 ಉಸಿರು. ಸುಮ್ಮನೆ ಕುಳಿತ ವಯಸ್ಕರಿಗೆ 12ರಿಂದ 20 ಸಹಜ. ಉಸಿರೆಳೆದಾಗ ಬಲ ಪಕ್ಕೆಯಲ್ಲಿ ಚುಚ್ಚು ನೋವು, ಕಫಕ್ಕೆ ತುಕ್ಕಿನ ಬಣ್ಣ. ಆ ರಾತ್ರಿಯೇ ಆಸ್ಪತ್ರೆಗೆ ಒಯ್ದೆವು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಂಡಿತು. ಬಳ್ಳಾರಿಯಲ್ಲಿ ಒಂದು ವಾರ ಚಿಕಿತ್ಸೆ ಪಡೆದು ಗುಣವಾದರು.

ಎಲ್ಲರಲ್ಲೂ ಲಕ್ಷಣಗಳು ಇಷ್ಟು ಸ್ಪಷ್ಟವಾಗಿರುವುದಿಲ್ಲ. ಕುರುಗೋಡಿನ ನಮ್ಮ ಬಂಧುಗಳ ಮನೆಯ ದಾದಿಯವರಿಗೆ ಜ್ವರವೇ ಮರಳಲಿಲ್ಲ, ಕೆಮ್ಮೂ ಅಷ್ಟಕ್ಕಷ್ಟೆ. ಊಟ ಬಿಟ್ಟರು, ಮೊಮ್ಮಗನ ಹೆಸರು ಮರೆತರು, ಅಸರ್ ಆಗಿದೆಯೋ ಇಶಾ ಆಗಿದೆಯೋ ತಿಳಿಯದಾದರು. ಮುಪ್ಪಿನ ಮರೆವೆಂದು ಮನೆಯವರು ಭಾವಿಸಿದ್ದರು. ಅದೂ ನ್ಯುಮೋನಿಯಾವೇ ಆಗಿತ್ತು. ವೃದ್ಧರಲ್ಲಿ ಹಠಾತ್ತನೆ ಬಂದ ಗೊಂದಲವನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವುದು ನಮಗೆ ಸರಿ ತೋರದು.

ಮಕ್ಕಳ ಉಸಿರನ್ನು ತಾಯಂದಿರು ಮಗು ಶಾಂತವಾಗಿದ್ದಾಗ, ಅಂಗಿ ಎತ್ತಿ, ಪೂರ್ಣ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ವರ್ಷದೊಳಗಿನ ಮಗುವಿಗೆ 50, ಐದು ವರ್ಷದವರೆಗೆ 40. ಇಷ್ಟಾದರೆ ಅಥವಾ ಇದನ್ನು ಮೀರಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರಾಡುವಾಗ ಪಕ್ಕೆಯ ಕೆಳಭಾಗ ಒಳಸೇದಿದರೆ, ತುಟಿ ನೀಲಿಯಾದರೆ, ಮಗು ಹಾಲು ಕುಡಿಯದಿದ್ದರೆ 108ಕ್ಕೆ ಕರೆ ಮಾಡಬೇಕು. ಕಳೆದ ಬಾರಿ ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ಅಳತೆಯಿಲ್ಲದೆ ನುಂಗಿಸಿ ಬೆಳಗಿನವರೆಗೆ ಕಾಯುವ ರೂಢಿ ನಮ್ಮ ಓಣಿಗಳಲ್ಲಿ ಇನ್ನೂ ಇದೆ. ಅದರಿಂದ ಕಳೆದುಹೋಗುವುದು ಅಮೂಲ್ಯವಾದ ಸಮಯ.

ಹಜ್‌ಗೆ ಹೊರಡುವ ಹಿರಿಯರಿಗೆ ಫ್ಲೂ ಲಸಿಕೆ ಹಾಕುತ್ತಾರೆ. ಸಕ್ಕರೆ ಕಾಯಿಲೆ, ಆಸ್ತಮಾ, ಹೃದ್ರೋಗ ಇರುವವರು ಮನೆಯಲ್ಲೇ ಉಳಿದರೂ, ವರ್ಷಕ್ಕೊಮ್ಮೆ ಅದನ್ನು ಪಡೆಯುವ ಬಗ್ಗೆ ತಮ್ಮ ವೈದ್ಯರನ್ನು ವಿಚಾರಿಸಬಹುದು.