ಗಣಕಯಂತ್ರದ ಸ್ಮರಣೆಯೂ ಗೃಹಸ್ಥನ ಲೆಕ್ಕವೂ

ಬೆಲೆ ಹೆಚ್ಚಾದುದೆಲ್ಲ ಮೇಲಾದುದೆಂತಲೂ, ಅಗ್ಗವಾದುದೆಲ್ಲ ಉಳಿತಾಯವೆಂತಲೂ ಬಗೆಯುವದು ಗೃಹಸ್ಥನಿಗೆ ಸಲ್ಲದು. ನಮ್ಮ ಬೈಲಹೊಂಗಲವು ಹತ್ತಿಯ ಪೇಟೆಯ ಊರು. ಇಲ್ಲಿಯ ಅನುಭವಿಕನಾದ ವರ್ತಕನು ಹತ್ತಿಯ ಬಿಳುಪನ್ನಷ್ಟೇ ನೋಡಿ ಬೆಲೆ ಕಟ್ಟುವದಿಲ್ಲ. ಚಿಟಿಕೆ ಅರಳೆಯನ್ನು ಬೆರಳಲ್ಲಿ ಎಳೆದು, ಎಳೆಯ ಉದ್ದವನ್ನು ಕಂಡು, ಆಮೇಲೆ ಬಾಯಿ ಬಿಡುತ್ತಾನೆ. ಗಣಕಯಂತ್ರದ ಸ್ಮರಣೆಯನ್ನು, ಅಂದರೆ ಪೇಟೆಯಲ್ಲಿ ರ‍್ಯಾಮ್ ಎಂದು ಕರೆಯುವ ಪಟ್ಟಿಯನ್ನು ಕೊಳ್ಳುವಾಗಲೂ ಇದೇ ಜಾಣತನವು ಬೇಕು.

ನನ್ನ ತಮ್ಮನು ಲಗ್ನಪತ್ರಿಕೆಗಳನ್ನು ಸಿದ್ಧಪಡಿಸಿಕೊಡುವ ಸಣ್ಣ ಅಂಗಡಿಯನ್ನಿಟ್ಟಿದ್ದಾನೆ. ವರ್ಷದ ಗಳಿಕೆಯ ಬಹುಪಾಲು ಲಗ್ನಸರಾಯಿಯಲ್ಲಿಯೇ ಬರತಕ್ಕದ್ದು. ಒಮ್ಮೆ ಅದೇ ಹೊತ್ತಿಗೆ ಯಂತ್ರವು ಮಂದವಾಯಿತು. ‘ನುಡಿ’ಯಲ್ಲಿ ಬೆರಳಚ್ಚು ಮಾಡುವಾಗ ತೊಂದರೆಯಿರಲಿಲ್ಲ, ದೊಡ್ಡ ಭಾವಚಿತ್ರಗಳನ್ನೂ ಪತ್ರಿಕೆಯನ್ನೂ ಒಟ್ಟಿಗೆ ತೆರೆದೊಡನೆ ನಿಂತುಬಿಡುವದು. ವ್ಯಾಪಾರಿಯೊಬ್ಬನು ಬಣ್ಣಬಣ್ಣದ ದೀಪ ಮಿನುಗುವ, ಬಹು ವೇಗದ ಪಟ್ಟಿಯೊಂದನ್ನು ತೋರಿಸಿದ್ದನು.

“ಅಣ್ಣಾ, ಬೀಜ-ಗೊಬ್ಬರಕ್ಕೆಂದು ಇಟ್ಟ ಹಣವನ್ನು ಇದಕ್ಕೆ ಹಾಕಲೇನು?” ಎಂದು ತಮ್ಮನು ಕೇಳಿದನು. ಆ ಹಣ ಹೋದರೆ ಹೊಲ ಬೀಳು. ಯಂತ್ರ ನಿಂತರೆ ಅಂಗಡಿ ಬೀಳು.

“ಮೊದಲು ಕೊರತೆ ಯಾತರದೆಂಬುದನ್ನು ನೋಡೋಣ,” ಎಂದೆನು. ಯಂತ್ರದಲ್ಲಿಯೇ ಇರುವ ಟಾಸ್ಕ್ ಮ್ಯಾನೇಜರನ್ನು ತೆರೆದು, ಎಂದಿನ ಕೆಲಸವನ್ನು ಮಾಡಿಸಿ ನೋಡಲು, 8 ಜಿಬಿ ಸ್ಮರಣೆಯು ಕಂಠದ ವರೆಗೆ ತುಂಬಿತ್ತು. ಸ್ಮರಣೆಯು ತುಂಬಿದರೆ ಯಂತ್ರವು ಮಿಕ್ಕುದನ್ನು ಡಿಸ್ಕಿಗೆ ಸಾಗಿಸುವದು. ತಿರುಗುವ ಡಿಸ್ಕಿನಿಂದ ಒಂದು ಸಂಗತಿಯನ್ನು ಮರಳಿ ತರಲು ರ‍್ಯಾಮಿಗಿಂತ ಸುಮಾರು ಲಕ್ಷ ಪಾಲು ಹೊತ್ತು ಹಿಡಿಯುವದು. ಎಸ್‌ಎಸ್‌ಡಿಯಾದರೂ ನೂರಾರು ಪಾಲು ಹಿಂದೆಯೇ ಸರಿ. ಆದುದರಿಂದ ನಮಗೆ ಬೇಕಾದುದು ವೇಗವಲ್ಲ, ಎಡೆ.

ವೇಗದ ಅಂಕಿಗಳಾದರೂ ಮರುಳುಗೊಳಿಸತಕ್ಕವುಗಳು. 3200ರ ಪಟ್ಟಿಗೆ ಸಿಎಲ್ 16 ಎಂತಲೂ, 3600ರ ಪಟ್ಟಿಗೆ ಸಿಎಲ್ 18 ಎಂತಲೂ ಬರೆದಿದ್ದರೆ, ಕೇಳಿದುದನ್ನು ಕೊಡಲಾರಂಭಿಸುವ ತಡವು ಎರಡಕ್ಕೂ ಒಂದೇ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದ ಅಂಕಿಯಿಂದ ಭಾಗಿಸಿರಿ. ಎರಡೂ ಕಡೆಗೆ 10 ನ್ಯಾನೊಸೆಕೆಂಡು ಬರುವದು. ಒಮ್ಮೆ ಆರಂಭಿಸಿದ ಮೇಲೆ ಮೊದಲನೆಯದು ಸೆಕೆಂಡಿಗೆ 25.6 ಜಿಬಿ, ಎರಡನೆಯದು 28.8 ಜಿಬಿ ಸಾಗಿಸಬಲ್ಲದು. ಎಂಟನೆಯ ಒಂದು ಪಾಲಿನ ಈ ಹೆಚ್ಚಳವು ಲಗ್ನಪತ್ರಿಕೆಯ ಕೆಲಸದಲ್ಲಿ ಕಣ್ಣಿಗೆ ಬೀಳಲಾರದು.

ಇನ್ನು ಜೋಡಿಯ ಮಾತು. ಒಂದೇ ನೊಗಕ್ಕೆ ಓಡುವ ಹೋರಿಯನ್ನೂ ಮುದಿ ಎತ್ತನ್ನೂ ಹೂಡಿದರೆ ಗಳೆಯು ಮುದಿಯೆತ್ತಿನ ಹೆಜ್ಜೆಗೇ ನಡೆಯುವದು. ರ‍್ಯಾಮಿನದೂ ಹೀಗೆಯೇ: ಹಳೆಯ ಪಟ್ಟಿಯ ಮಗ್ಗುಲಲ್ಲಿ ಹೆಚ್ಚು ವೇಗದ್ದನ್ನು ಕೂಡ್ರಿಸಿದರೆ ಎರಡೂ ಮಂದವಾದುದರ ವೇಗದಲ್ಲಿಯೇ ದುಡಿಯುವವು. ಸಮನಾದ ಎರಡು ಪಟ್ಟಿಗಳನ್ನು ತಕ್ಕ ಕಂಡಿಗಳಲ್ಲಿಟ್ಟರೆ ಸಾಗಾಟದ ದಾರಿಯೇ ಎರಡಾಗುವದು. 2020ರಲ್ಲಿ ನಿಯಮಬದ್ಧವಾದ ಡಿಡಿಆರ್5 ಪಟ್ಟಿಯಂತೂ ನಮ್ಮ ಡಿಡಿಆರ್4 ಯಂತ್ರದಲ್ಲಿ ಕೂಡ್ರುವದೇ ಇಲ್ಲ. ಅದರ ಕಚ್ಚು ಬೇರೆ ಎಡೆಯಲ್ಲಿದೆ.

ಹಳೆಯದಕ್ಕೆ ಸಮನಾದ ಇನ್ನೊಂದು 8 ಜಿಬಿ ಪಟ್ಟಿಯನ್ನು, ಮಿನುಗುವ ಪಟ್ಟಿಯ ಅರ್ಧಕ್ಕೂ ಕಡಿಮೆ ಬೆಲೆಗೆ ತಂದೆವು. ಅಂಗಡಿಯ ಕೆಲಸವು ಸಾಗಿತು. ಬಿತ್ತಿಗೆಯೂ ಹೊತ್ತಿಗೆ ಆಯಿತು. ದೀಪದ ಪಟ್ಟಿಯನ್ನು ತಂದಿದ್ದರೆ ಮೂಗಿಗಿಂತ ಮೂಗುತಿ ಭಾರವಾಗುತ್ತಿತ್ತು.

ಆದರೂ ವೇಗಕ್ಕೆ ಹಣ ಕೊಡುವದು ಯಾವಾಗಲೂ ವ್ಯರ್ಥವೆಂದು ವಾಚಕರು ತಿಳಿಯಬಾರದು. ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲದ ಯಂತ್ರದಲ್ಲಿ ತೆರೆಯ ಚಿತ್ರವೂ ಇದೇ ಸ್ಮರಣೆಯನ್ನು ಉಣ್ಣುವದರಿಂದ, ಆಟಗಳನ್ನಾಡುವವರಿಗೆ ವೇಗವು ಫಲ ಕೊಡುವದು. ಬೆಲೆಯೂ ಸ್ಥಿರವಲ್ಲ. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವಾಗಲು ನಮ್ಮ ಸೀಮೆಯ ಹತ್ತಿಯ ಬೆಲೆ ಏರಿದಂತೆ, 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ಗಣಕಾಗಾರಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆಯು ಜಗತ್ತಿನಲ್ಲೆಲ್ಲ ಏರಿತು. ಇಂಥ ಕಾಲದಲ್ಲಿ ಇದ್ದ ಪಟ್ಟಿಯು ಎಷ್ಟು ತುಂಬುತ್ತದೆಂದು ಒಂದು ವಾರ ನೋಡಿಕೊಂಡು, ಕೊರತೆ ಕಂಡಷ್ಟನ್ನೇ ಕೊಂಡು, ಉಳಿದ ಹಣವನ್ನು ಮನೆಯ ಬೇರೆ ಅಗತ್ಯಗಳಿಗೆ ಇಡತಕ್ಕದ್ದು.