ಹಾಲಿನ ಲೆಕ್ಕದ ಪಕ್ಕದಲ್ಲಿ

ಪರೀಕ್ಷೆಗೆ ಕೂರುವವರಿಗೆ ನಮ್ಮ ಮನೆಗಳಲ್ಲಿ ಹೇಳುವ ಬುದ್ಧಿಮಾತು ಎರಡೇ. ‘ಚೆನ್ನಾಗಿ ಓದು’ ಎನ್ನುವುದು ಒಂದು, ‘ದೇವರಿದ್ದಾನೆ’ ಎನ್ನುವುದು ಇನ್ನೊಂದು. ಎರಡೂ ಒಳ್ಳೆಯ ಮಾತುಗಳೇ. ಆದರೆ ಏನನ್ನು ಓದಬೇಕು, ಎಷ್ಟು ಓದಬೇಕು, ಯಾವ ಹೊತ್ತಿನಲ್ಲಿ ಓದಬೇಕು ಎಂಬುದನ್ನು ಮಾತ್ರ ಇವು ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಆದರೆ ಪಠ್ಯಪುಸ್ತಕವಿರುತ್ತದೆ, ಮುಗಿದ ಪಾಠವೆಷ್ಟು ಉಳಿದದ್ದೆಷ್ಟು ಎಂದು ಎಣಿಸಬಹುದು. ಪಾಠವೇ ಇಲ್ಲದ ಪರೀಕ್ಷೆಗೆ ಏನು ಮಾಡುವುದು? ಈ ಪ್ರಶ್ನೆ ನನಗೆ ಎದುರಾದದ್ದು ತಂಗಿಯ ಮಗಳ ದೆಸೆಯಿಂದ.

ಅವಳು ನರ್ಸು. ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ, ಆಮೇಲೆ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಈಗ ಹಿರಿಯೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತಾಳೆ. ತಂದೆಯಿಲ್ಲದ ಮನೆ. ಅವಳ ಓದಿಗೆಂದು ಮಾಡಿದ ಸಾಲ ಇನ್ನೂ ತೀರಿಲ್ಲ. ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕರೆ ಮನೆ ದಡ ಸೇರುತ್ತದೆಂದು ಅವಳ ಆಸೆ. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲಿನಲ್ಲಿ ನೋಂದಣಿಯಾಗಬೇಕಾದರೆ ಇಂಗ್ಲಿಷ್ ಬರುತ್ತದೆಂದು ತೋರಿಸಬೇಕು. ಅದಕ್ಕಿರುವ ದಾರಿಗಳಲ್ಲೊಂದು 1989ರಲ್ಲಿ ಶುರುವಾದ ಐಇಎಲ್‌ಟಿಎಸ್ ಪರೀಕ್ಷೆ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ. ಅಂಕ ಒಂಬತ್ತರವರೆಗೆ, ಅರ್ಧರ್ಧವಾಗಿ ಏರುತ್ತದೆ. ನರ್ಸುಗಳಿಗೆ ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲಿ 7 ಬೇಕು. ಮೊದಲ ಸಲ ಬೆಂಗಳೂರಿಗೆ ಹೋಗಿ ಬರೆದಾಗ ಅವಳಿಗೆ ನಾಲ್ಕರಲ್ಲೂ 6 ಬಂತು. ಕಟ್ಟಿದ ಹದಿನೈದು ಸಾವಿರಕ್ಕೂ ಮಿಕ್ಕ ಶುಲ್ಕ ನೀರಿನಲ್ಲಿ ಹೋಮ ಮಾಡಿದಂತಾಯಿತು.

‘ಈ ಸಲ ಇನ್ನೂ ಚೆನ್ನಾಗಿ ಓದ್ತೀನಿ ದೊಡ್ಡಮ್ಮ’ ಎಂದಳು.

‘ಚೆನ್ನಾಗಿ ಅಂದರೆ ಎಷ್ಟು ಕಣೆ?’ ಎಂದೆ. ಸುಮ್ಮನಾದಳು.

ಅಂದು ರಾತ್ರಿ ಊಟವಾದ ಮೇಲೆ ಇಬ್ಬರೂ ಲೆಕ್ಕಕ್ಕೆ ಕೂತೆವು. ಕೇಳುವ ಭಾಗದಲ್ಲಿ 40 ಪ್ರಶ್ನೆ, ಓದುವ ಭಾಗದಲ್ಲಿ 40 ಪ್ರಶ್ನೆ. ಸುಮಾರು 23 ಸರಿಯಾದರೆ 6, 30 ಸರಿಯಾದರೆ 7. ಅಂದರೆ ಈ ಎರಡರ ಮಟ್ಟಿಗಾದರೂ ಅವಳಿಗೂ ಇಂಗ್ಲೆಂಡಿಗೂ ಅಡ್ಡವಾಗಿದ್ದದ್ದು ಏಳು ಸಮುದ್ರವಲ್ಲ, ಏಳೇಳು ಉತ್ತರ! ಆ ಏಳು ಎಲ್ಲಿ ತಪ್ಪುತ್ತಿವೆ ಎಂದು ಅವಳ ಅಭ್ಯಾಸದ ಪುಸ್ತಕ ತಿರುವಿ ನೋಡಿದೆವು. ಕೇಳುವ ಭಾಗದ ಧ್ವನಿಮುದ್ರಿಕೆಯನ್ನು ಒಂದೇ ಸಲ ಹಾಕುತ್ತಾರೆ. ಅದರಲ್ಲಿ ಹೆಸರಿನ ಕಾಗುಣಿತ, ಫೋನ್ ನಂಬರು ಬಂದಾಗ ಇವಳು ತಡವರಿಸುತ್ತಿದ್ದಳು. ಓದುವುದಕ್ಕೆ ಮೂರು ಗದ್ಯಭಾಗ, ಒಂದು ಗಂಟೆ. ಮೊದಲನೆಯದಕ್ಕೇ ಅರ್ಧ ಗಂಟೆ ಸುರಿದು, ಮೂರನೆಯದನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಬರವಣಿಗೆಯ ಎರಡು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕ. ಇವಳ ಹೊತ್ತೆಲ್ಲ ಮೊದಲನೆಯದಕ್ಕೇ ಖರ್ಚಾಗುತ್ತಿತ್ತು.

ಹೀಗೆ ಬಿಡಿಸಿಟ್ಟಾಗ ಗುರಿಗಳು ತಾವೇ ಎದ್ದು ಬಂದವು. ದಿನಕ್ಕೆ ಹತ್ತು ಹೆಸರು, ಹತ್ತು ನಂಬರು ಕೇಳಿ ಬರೆಯುವುದು. ಒಂದು ಗದ್ಯಭಾಗವನ್ನು ಇಪ್ಪತ್ತು ನಿಮಿಷಕ್ಕೆ ಮುಗಿಸುವುದು. ವಾರಕ್ಕೆರಡು ಸಲ ನಲವತ್ತು ನಿಮಿಷದಲ್ಲಿ 250 ಪದಗಳ ಪ್ರಬಂಧ ಬರೆದು, ಪರಿಚಯದ ನಿವೃತ್ತ ಮೇಷ್ಟ್ರಿಗೆ ತೋರಿಸುವುದು. ಮಾತಿನ ಅಭ್ಯಾಸಕ್ಕೆ ದಿನವೂ ನನ್ನೊಡನೆ ಹತ್ತು ನಿಮಿಷ ಇಂಗ್ಲಿಷ್. ಅದು ಇಬ್ಬರಿಗೂ ಶಿಕ್ಷೆಯೇ!

ಇಂಗ್ಲಿಷಿನಲ್ಲಿ ಒಂದು ಹಂತದಿಂದ ಮುಂದಿನ ಹಂತಕ್ಕೆ ಏರಲು ಸುಮಾರು 200 ಗಂಟೆಯ ಕಲಿಕೆ ಬೇಕೆಂದು ಕೇಂಬ್ರಿಜ್ಜಿನ ಪರೀಕ್ಷಾ ಮಂಡಳಿಯವರ ಅಂದಾಜು. ‘ಆರರಿಂದ ಏಳಕ್ಕೆ ಒಂದೇ ಮೆಟ್ಟಿಲಲ್ವಾ ದೊಡ್ಡಮ್ಮ, ಅದಕ್ಕೆ ಇನ್ನೂರು ಗಂಟೆಯೇ?’ ಎಂದು ಅವಳು ಗಾಬರಿಯಾದಳು.

ನಮ್ಮ ಮಾರಿಕಣಿವೆಯನ್ನು ಕಂಡವರು ಹಾಗೆ ಗಾಬರಿಯಾಗಬಾರದು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. ಮಳೆಗಾಲದಲ್ಲಿ ಹಿರಿಯೂರಿನವರು ಪತ್ರಿಕೆಯಲ್ಲಿ ಮೊದಲು ನೋಡುವುದೇ ಇವತ್ತು ಎಷ್ಟು ಅಡಿ ಎಂದು. ಕಣಿವೆಯ ತಳ ಇಕ್ಕಟ್ಟು, ಮೇಲಕ್ಕೆ ಹೋದಂತೆ ಹರವು. ತಳದಲ್ಲಿ ಹತ್ತಾರು ಅಡಿ ಏರಿಸುವ ನೀರು ಮೇಲೆ ಒಂದಡಿ ಏರಿಸುವುದಕ್ಕೂ ಸಾಲದು. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಭಾಷೆಯೂ ಹಾಗೆಯೇ. ಸಂತೆಯ ವ್ಯವಹಾರಕ್ಕೆ ನಾಲ್ಕು ದಿನದ ಕಲಿಕೆ ಸಾಕು. ಮೇಲಿನ ಆ ಒಂದಡಿಗೆ ಮಳೆ ಬಹಳ ಬೇಕು.

ಗಂಟೆಯ ಲೆಕ್ಕವೇನೋ ಸಿಕ್ಕಿತು, ಗಂಟೆ ಸಿಗಬೇಕಲ್ಲ? ಗಂಡುಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡರೆ ಓದಲು ಕೂತಂತೆ. ಹೆಣ್ಣುಮಕ್ಕಳು ಪುಸ್ತಕ ಹಿಡಿದರೆ ಬಿಡುವಾಗಿದ್ದಾರೆ ಎಂದು ಅರ್ಥ. ರಾತ್ರಿ ಪಾಳಿ ಮುಗಿಸಿ ಬಂದವಳಿಗೂ ‘ಕಾಯಿ ತುರಿದುಕೊಡು’ ಎನ್ನುವವರಿದ್ದಾರೆ. ನೆಂಟರು ಬಂದರಂತೂ ‘ಇಷ್ಟು ಓದಿ ಏನಾಗಬೇಕು, ಗಂಡು ನೋಡಿ’ ಎಂಬ ಉಪದೇಶ ಬೇರೆ. ‘ಇಂಗ್ಲಿಷ್ ಸುಧಾರಿಸಿಕೊಳ್ಳಬೇಕು’ ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ಸುಧಾರಣೆ ಕಣ್ಣಿಗೆ ಕಾಣುವ ವಸ್ತುವಲ್ಲ ನೋಡಿ.

ಆದ್ದರಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಇವಳ ಲೆಕ್ಕವನ್ನೂ ಇಟ್ಟೆವು. ಅರ್ಧ ಗಂಟೆಗೊಂದು ಗೀಟು. ದಿನಕ್ಕೆ ಮೂರು, ರಾತ್ರಿ ಪಾಳಿಯಿದ್ದರೆ ಎರಡು, ರಜೆಯ ದಿನ ನಾಲ್ಕೈದು. ಒಟ್ಟು 400 ಗೀಟು. ಪರೀಕ್ಷೆಯನ್ನು ಐದು ತಿಂಗಳಾಚೆಗೆ ಗೊತ್ತು ಮಾಡಿಕೊಂಡಳು.

ಇಂಗ್ಲಿಷಿನ ಒಂದಕ್ಷರವೂ ಬಾರದ ನಮ್ಮ ಅತ್ತೆಗೆ ಗೀಟಿನ ಲೆಕ್ಕ ಚೆನ್ನಾಗಿ ಬರುತ್ತದೆ. ಎರಡನೆಯ ವಾರಕ್ಕೇ ಅವರು, ‘ಇವತ್ತು ಒಂದೇ ಗೀಟು ಐತಲ್ಲೇ! ಎದ್ದು ಹೋಗು, ಆ ಪಾತ್ರೆ ನಾನು ತೊಳ್ಕಂತೀನಿ’ ಎಂದು ಇವಳನ್ನು ಅಟ್ಟತೊಡಗಿದರು. ಮೊಮ್ಮಗಳ ಆಸೆಯ ಬಗ್ಗೆ ಅವರಿಗೆ ಮೊದಲೂ ಸಿಟ್ಟಿರಲಿಲ್ಲ. ಅದಕ್ಕೊಂದು ಅಳತೆ ಕಂಡಿರಲಿಲ್ಲ, ಅಷ್ಟೆ. ಗುರಿಯನ್ನು ಎಣಿಸುವಂತೆ ಬರೆದಿಟ್ಟರೆ ಓದುವವಳಿಗೆ ದಾರಿ ಕಾಣುವುದು ಒಂದು ಲಾಭ. ಅವಳ ಹೊತ್ತು ಅವಳದೆಂದು ಮನೆಯವರಿಗೆ ಕಾಣುವುದು ಅದಕ್ಕಿಂತ ದೊಡ್ಡ ಲಾಭ.

ಈಗ ಕೇಳುವ ಭಾಗದಲ್ಲಿ 30 ಮುಟ್ಟಿದ್ದಾಳೆ. ಓದುವುದರಲ್ಲಿ 28. ಬರವಣಿಗೆಗೆ ಮೇಷ್ಟ್ರ ಕೆಂಪು ಶಾಯಿ ಇನ್ನೂ ಧಾರಾಳವಾಗಿಯೇ ಬೀಳುತ್ತಿದೆ. ಮೊನ್ನೆ ಎದುರುಮನೆಯವರು ಬಂದು, ‘ಹುಡುಗಿ ಪಾಸಾಗ್ತಾಳೇನ್ರಿ?’ ಎಂದು ಕೇಳಿದರು. ಈ ಪರೀಕ್ಷೆಯಲ್ಲಿ ಪಾಸು ಫೇಲು ಎಂಬುದಿಲ್ಲ, ಯಾವ ಮಟ್ಟ ಎಂದಷ್ಟೇ ಹೇಳುತ್ತಾರೆ ಎಂದು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅತ್ತೆಯ ಉತ್ತರ ಬಂತು:

‘ಇನ್ನು ಎಂಬತ್ತೆಂಟು ಗೀಟು ಐತೆ.’